ಮಳೆಯಲ್ಲಿ ತೊಳೆದ ಕಾರು

ಅಲ್ಲ ಅಕ್ಕ, ನೀ ಹೂ ಕಟ್ಟುದು ನಿಲ್ಸಬೇಡ. ಕಟ್ಟು. ಕಟ್ತಾ ಕಟ್ತಾ ಕೇಳು. ನಾ ಹೇಳುದು ಇಷ್ಟೇ. ನಾಳೆ ಬೆಳಿಗ್ಗೆ ನೀ ನಮ್ಮ ಕಡಲ ದೈವ ಬೊಬ್ಬರ್ಯನ ಕಟ್ಟೆ ಎದುರು ನಿಲ್ಲಬೇಕು. ಹೂ ಕೈಯಲ್ಲಿ ಹಿಡೀಬೇಕು. "ನನ್ನ ಕಾರು ಕಡಲಿಗೆ ಇಳೀಲಿಲ್ಲ, ಅಡಿಗೆ ಎಲ್ಲೂ ತಾಗ್ಲಿಲ್ಲ, ನಂಗೆ ಗೊತ್ತಿದ್ದದ್ದು ಇಷ್ಟೇ" ಅನ್ನಬೇಕು. ಮುಗೀತು. ಹೂ ಕಟ್ಟೆ ಮೇಲೆ ಇಟ್ಟು ಮನೆಗೆ ಬಪ್ಪುದು. ಅದಕ್ಕೆ ಮೋರೆ ಇಷ್ಟು ಸಣ್ಣ ಮಾಡುಕೆ ಎಂತ ಇತ್?

ಆ ಕೊನೇ ಮಾತು ಬಿಡಬೇಡ. ನಂಗೆ ಗೊತ್ತಿದ್ದದ್ದು ಇಷ್ಟೇ. ಅದು ಮುಖ್ಯ. ಅದನ್ನ ಹೇಳಿದ್ರೆ ನಿನ್ನ ಬಾಯಲ್ಲಿ ಸುಳ್ಳು ಬಪ್ಪುದಿಲ್ಲ. ಅಂದ್ರೆ... ಹ್ಯಾಂಗೂ ಸುಳ್ಳಲ್ಲ. ಆದ್ರೂ ಹೇಳು.

ಎಂತಕ್ಕೆ ಹಾಂಗೆ ಕಾಂಬುದು?

ನಾನು ದೈವ ದೇವ್ರು ನಂಬುವವ ಅಲ್ಲ, ನಿಂಗೆ ಗೊತ್ತಿತ್. ಶಾಲೆ ಬಿಟ್ಟು ಐಸ್ ಪ್ಲಾಂಟಲ್ಲಿ ಐಸ್ ಒಡೀತಾ, ಮೀನು ಕಟ್ಟುಕೆ ತಂದ ಹಳೇ ಪೇಪರಲ್ಲಿ ಕಾನೂನು ಓದಿ ಕಲ್ತವ ನಾನು. ನಾ ನಂಬುದು ಗ್ರಾಹಕರ ಕೋರ್ಟನ್ನ. ಮೈಕನ್ನ. ರಸ್ತೆ ಮೇಲೆ ಬಂದು ನಿಲ್ಲುವ ಜನರನ್ನ. ಈ ಪ್ರಮಾಣ ಗಿಮಾಣ ನಾ ಕೇಳಿದ್ದಲ್ಲ. ಕೇಳಿದ್ದು ಆ ಹೆಣ್ಣು. ಪ್ರೇಕ್ಷಾ. ತ್ರಾಸಿಯವಳು. ಶೋರೂಮಲ್ಲಿ ಸರ್ವಿಸಿಗೆ ಬಂದ ಕಾರೆಲ್ಲ ಅವಳ ಕೈ ದಾಟಿಯೇ ಒಳಗೆ ಹೋಪುದು, ಅವಳ ಕೈ ದಾಟಿಯೇ ಹೊರಗೆ ಬಪ್ಪುದು.

ಮೊನ್ನೆ ಧರಣಿ ದಿನ ನೀ ಬರ್ಲಿಲ್ಲ, ಮಂಡಿ ನೋವು ಅಂದಿ. ಬಂದಿದ್ರೆ ಕಾಂತಿದ್ದಿ. ಶೋರೂಮಿನ ಎದುರು ಶಾಮಿಯಾನ. ಗಂಗೊಳ್ಳಿಯಿಂದ, ಮರವಂತೆಯಿಂದ, ಬೈಂದೂರಿಂದ ಜನ. ಬ್ರಹ್ಮಾವರದಿಂದ ಕೂಡ ಎರಡು ಟೆಂಪೋ ಬಂದಿತ್ತು. ನಾನು ಮೈಕ್ ಹಿಡ್ದು ಹೇಳ್ತಾ ಇದ್ದೆ. "ಆಯಿಲ್ ಬದ್ಲಿಸಿದ್ರು, ಎಂಜಿನ್ ಅಡಿಯ ಆಯಿಲ್ ಚೇಂಬರಿನ ಬೋಲ್ಟ್ ಬಿಗಿ ಮಾಡದೆ ಕಳ್ಸಿದ್ರು. ಆಯಿಲ್ ಸೋರಿ ಸೋರಿ ಎಂಜಿನ್ ಹಿಡೀತು. ಸಂಗಡ ಗೇರ್ ಬಾಕ್ಸೂ ಹೋಯ್ತು. ಹೊಸಾ ಕಾರು, ವಾರಂಟಿ ಇರುವ ಕಾರು, ಒಬ್ಬ ಮೀನು ಮಾರುವ ಹೆಂಗ್ಸಿನ ಕಾರು. ವಾರಂಟಿ ಕೊಡಿ ಅಂದ್ರೆ, ಮೀನಿನವಳ ಕಾರಿಗೆ ಉಪ್ಪು ಹಿಡೀದೆ ಇರ್ತದಾ ಅಂತ ನಗಾಡ್ತಾರೆ." ಜನ ಎದ್ದು ನಿಂತ್ರು ಅಕ್ಕ. ನಮ್ಮ ಜನ ಎಲ್ಲವನ್ನೂ ತಡ್ಕೊಂತಾರೆ, ಮೀನಿನ ಬುಟ್ಟಿ ಕಂಡು ನಗಾಡಿದ್ರೆ ತಡ್ಕೊಂಬುದಿಲ್ಲ.

ಅಷ್ಟರಲ್ಲಿ ಆ ಹೆಣ್ಣು ಒಳಗಿಂದ ಬಂದ್ಲು. ಮೆಟ್ಲ ಮೇಲೆ ನಿಂತ್ಲು. ಅಳ್ತಾಳೆ ಅಂತ ಮಾಡಿದ್ದೆ. ಅಳ್ಲಿಲ್ಲ. "ಅಣ್ಣ, ನಿಮ್ಮ ಹತ್ರ ನಾ ಮಾತಾಡುದಿಲ್ಲ. ಕಾರು ಚಂದ್ರಕ್ಕನದ್ದು. ಬೋಲ್ಟ್ ಬಿಗಿ ಆಗಿತ್ತು, ನಾನೇ ಕಂಡು ಕಳ್ಸಿದ್ದು. ಆಮೇಲೆ ಆ ಕಾರು ಕಡಲ ಬದಿ ಕಲ್ಲಿಗೆ ತಾಗಿದೆ. ಇಲ್ಲ ಅಂತಾದ್ರೆ ಚಂದ್ರಕ್ಕ ಬೊಬ್ಬರ್ಯನ ಕಟ್ಟೆ ಎದುರು ಹೂ ಹಿಡ್ದು ಇಲ್ಲ ಅನ್ಲಿ. ಅವ್ರು ಅಂದ್ರೆ ನಾನೇ ಕೆಲಸ ಬಿಟ್ಟು ಹೋತೆ. ಯಾರೂ ಕಳ್ಸುದು ಬೇಡ" ಅಂದ್ಲು.

ಇಷ್ಟು ವರ್ಷ ಮೈಕ್ ಹಿಡ್ದವ ನಾನು. ಒಂದು ಹೆಣ್ಣು ಮೈಕಿಲ್ಲದೆ ಅಷ್ಟೂ ಜನರನ್ನ ಸುಮ್ನೆ ಮಾಡಿದ್ದು ಕಂಡಿದ್ದಿಲ್ಲ. ಶಾಮಿಯಾನದ ಬಟ್ಟೆ ಗಾಳಿಗೆ ಹೊಡ್ಕೊಂಬುದು ಕೇಳ್ತಿತ್ತು. ಎಲ್ಲರೂ ನನ್ನ ಮೋರೆ ಕಾಂತಾ ಇದ್ರು. ಹಿಂದಿಂದ ಯಾರೋ "ಹ್ವಾಯ್ ಮೈಕ್ ಗುಡ್ಡ, ಎಂತ ಹೇಳ್ತೆ?" ಅಂದ್ರು. "ಬತ್ತಾಳೆ. ನನ್ನ ಅಕ್ಕ ಬತ್ತಾಳೆ. ಹೂ ಹಿಡೀತಾಳೆ" ಅಂದೆ. ಬಾಯಿಂದ ಬಂದು ಹೋಯ್ತು.

ನನ್ನ ಬಾಯಿಯ ಕಥೆಯೇ ಹಾಂಗೆ. ಬಾಯಿ ಮುಂದೆ ಹೋತ್, ನಾ ಹಿಂದಿಂದ ಓಡುದು.

ಶೋರೂಮ್ ಮಾಲೀಕನಿಗೆ ಕುಶಿಯೇ ಕುಶಿ. ಅವನ ಲೆಕ್ಕ ನಂಗೆ ಗೊತ್ತಿತ್. ನೀ ಹೂ ಹಿಡ್ದಿ ಅಂತಾದ್ರೆ ತಪ್ಪು ಆ ಹೆಣ್ಣಿನದ್ದು, ಅವಳನ್ನ ಹೊರಗೆ ಹಾಕುದು, ನಿನ್ನ ಕಾರು ಸರಿ ಮಾಡಿ ಕೊಡುದು, ಶಾಮಿಯಾನ ಬಿಚ್ಚುದು. ಒಂದು ಹೆಣ್ಣಿನ ತಲೆ ಕೊಟ್ಟು ಶೋರೂಮ್ ತೊಳ್ಕೊಂಬ ಲೆಕ್ಕ. ಇವ್ರೆಲ್ಲ ಹೀಂಗೆಯೇ. ಮೇಲಿನವನ ಅಂಗಿಗೆ ಕಲೆ ಹತ್ತಿದ್ರೆ ಕೆಳಗಿನವನ ಅಂಗಿ ಹರ್ದು ಒರ್ಸುದು.

ಹೌದು. ನಾನೇ ಹೇಳ್ತಾ ಇದ್ದೆ, ಗೊತ್ತಿತ್. ಅವಳನ್ನ ಕೆಲ್ಸದಿಂದ ತೆಗೀರಿ ಅಂತ ಮೈಕಲ್ಲಿ ಅವಳ ತಲೆ ಕೇಳಿದ್ದು ನಾನೇ ಅಂತ ಗೊತ್ತಿತ್. ಹಾಂಗೆ ಕಾಂಬೇಡ.

ಚಾ ಬೇಡ. ಬೇಡ ಅಂದೆ ಅಲ್ದಾ? ಕೂಕೋ.

ನೀ ಒಂದು ತಿಳ್ಕೋ. ನಾನು ಹೇಳಿದ್ದೆಲ್ಲ ಸುಳ್ಳಾ? ಉಪ್ಪುಂದದ ಮೇಷ್ಟ್ರ ಕಾರು ದಾರಿ ನಡುವೆ ನಿಂತ್ರೆ "ಇಲಿ ವಯರ್ ಕಡ್ದದ್ದು, ವಾರಂಟಿ ಇಲ್ಲ" ಅಂದ್ರು. ಆ ಮೇಷ್ಟ್ರ ಮನೆಯಲ್ಲಿ ಮೂರು ಬೆಕ್ಕಿತ್. ಹೆಮ್ಮಾಡಿಯ ಹೂವಿನ ಅಂಗಡಿಯವನ ಗಾಡಿಗೆ ನೀರು ಹೋದ್ರೆ "ಮಳೆಗಾಲದಲ್ಲಿ ಓಡ್ಸಿದ್ದು ನಿಮ್ಮ ತಪ್ಪು" ಅಂದ್ರು. ನಮ್ಮ ಊರಲ್ಲಿ ಮಳೆಗಾಲದಲ್ಲಿ ಓಡ್ಸದೆ ಕಾರನ್ನ ಅಟ್ಟಕ್ಕೆ ಹಾಕುದಾ? ಮಾರುವಾಗ ಮಾಲೆ ಹಾಕಿ, ಸ್ವೀಟ್ ಕೊಟ್ಟು, ಕಾರಿನ ಎದುರು ನಿಲ್ಸಿ ಫೋಟೋ ತೆಗೀತಾರೆ. ಹಾಳಾಗಿ ಹೋದ್ರೆ ಅದೇ ಜನ, ಅದೇ ಬಾಗಿಲು, ಕೂರು ಅಂಬುದಿಲ್ಲ. ನಾನು ಮೈಕ್ ಹಿಡ್ದದ್ದು ಅದಕ್ಕೆ. ಆ ಜನರ ಸಿಟ್ಟು ಸುಳ್ಳಲ್ಲ. ನನ್ನ ಸಿಟ್ಟೂ ಸುಳ್ಳಲ್ಲ. ನಾಳೆ ನೀ ಹೂ ಹಿಡೀದೆ ಇದ್ರೆ ಇವ್ರೆಲ್ಲರ ಮಾತೂ ಬಿದ್ದು ಹೋತ್. ಗುಡ್ಡನೂ ಸುಳ್ಳ, ಅವನ ಸಂಗಡ ಬಂದವ್ರೂ ಸುಳ್ಳರು ಅಂತಾರೆ. ಅದನ್ನ ಯೋಚನೆ ಮಾಡು.

ಬರೀ ನಿನ್ನ ಕಾರಿನ ಮಾತಲ್ಲ ಅದು.

ನಿನ್ನ ಕಾರಿನ ಮಾತೂ ಹೌದು. ಮತ್ತೆ? ಎಡ ಮಂಡಿ ಮಡಚುದಿಲ್ಲ, ಕ್ಲಚ್ ಒತ್ತುಕೆ ಆತಿಲ್ಲ ಅಂದೇಳಿ ಆಟೋಮ್ಯಾಟಿಕ್ ಗೇರಿನದ್ದೇ ಬೇಕು ಅಂದವಳು ನೀನು. ಬಂದರಲ್ಲಿ ಹರಾಜಲ್ಲಿ ಮೀನು ಹಿಡ್ದು, ಐಸ್ ಪೆಟ್ಟಿಗೆಯಲ್ಲಿ ತುಂಬ್ಸಿ, ಕುಂದಾಪುರದ ಹೋಟೆಲಿಗೆ ನೀನೇ ಓಡ್ಸಿಕೊಂಡು ಹೋಪುದು ಕಂಡು ನಂಗೆ ಎಷ್ಟು ಗರ್ವ ಇದ್ದಿತ್ ಗೊತ್ತಾ? ಪೆಟ್ಟಿಗೆಯಿಂದ ಒಂದು ಹನಿ ಉಪ್ಪು ನೀರು ಬೀಳ್ಬಾರ್ದು ಅಂದೇಳಿ ಹಿಂದೆಲ್ಲ ರಬ್ಬರ್ ಶೀಟ್ ಹಾಸಿದ್ದಿ. ಅಂಥಾ ಕಾರನ್ನ ಕಡಲಿಗೆ ಇಳ್ಸಿದ್ದು ಅಂತಾಳೆ ಆ ಹೆಣ್ಣು. ಹೇಳುಕೆ ನಾಚ್ಕೆ ಬೇಡ್ವಾ?

ನಾನೂ ತಗಂಡ್ ಹೋಗಿದ್ದೆ, ಇಲ್ಲ ಅಂಬುದಿಲ್ಲ. ಆ ಮಳೆಗಾಲದಲ್ಲಿ ಒಂದೇ ಸಲ. ಸರ್ವಿಸ್ ಆಗಿ ಬಂದ ಆ ವಾರವೇ. ಬೈಂದೂರಲ್ಲಿ ಹೆದ್ದಾರಿಯ ಸರ್ವಿಸ್ ರೋಡಿನ ಮೀಟಿಂಗ್ ಇದ್ದಿತ್. ಹೋದೆ, ಮಾತಾಡ್ದೆ, ಬಂದೆ. ಸಂಜೆಗೆ ನಿನ್ನ ಅಂಗಳದಲ್ಲಿ ತಂದು ನಿಲ್ಸಿದೆ. ತೊಳ್ದೇ ಕೊಟ್ಟಿದ್ದೆ ಅಲ್ದಾ? ಒಂದು ಕಲೆ ಇದ್ದಿತಾ ಹೇಳು.

ಎಂತಕ್ಕೆ ನಗಾಡುದು?

ತೊಳ್ದೆ ಅಂದದ್ದಕ್ಕೆ ನಗಾಡುದಾ? ಒಳ್ಳೇದು ಮಾಡಿದ್ರೂ ನಗಾಡುದು ನಿಮ್ಮಂಥವ್ರು ಮಾತ್ರ.

ಆಮೇಲೆ ಎಷ್ಟು ದಿನ ಓಡ್ಸಿದಿ ನೀನು. ಸರಿಯಾಗೇ ಓಡ್ತಾ ಇತ್ತು. ನಾ ಹೇಳುದು ಅದನ್ನೇ. ಕಲ್ಲಿಗೆ ತಾಗಿದ ಕಾರು ಓಡುದುಂಟಾ? ನೀ ಫೋನ್ ಮಾಡಿ "ಗುಡ್ಡ, ಕಾರಿನ ಅಡಿಗೆ ಎಂತೋ ನೀರಿನ ಹಾಂಗೆ ಬಿದ್ದಿತ್" ಅಂದಿ. ನೆನಪಿತ್ತಾ? ನಾನು "ಎ.ಸಿ. ನೀರು ಅದು, ಎಲ್ಲಾ ಕಾರಿಗೂ ಬಪ್ಪುದೇ" ಅಂದೆ. ನೀ "ಕಪ್ಪಿತ್" ಅಂದಿ. ನಾನು "ಅಂಗಳದ ಕೆಸ್ರು ಸೇರಿ ಕಪ್ಪು ಕಾಂತ್" ಅಂದೆ. ನೀ ಹೂಂ ಅಂದಿ.

ಹೂಂ ಅಂದಿ. ಮತ್ತೆ ಕೇಳ್ಲಿಲ್ಲ.

ಒಂದು ತಟ್ಟೆ ಇಟ್ಟು ಕಂಡಿದ್ರೆ ಗೊತ್ತಾತಿತ್ತು, ಅದು ಆಯಿಲ್ ಅಂತ. ಆ ದಿನ ಕಾರು ನಿಲ್ಸಿದ್ರೆ ಎಂಜಿನ್ ಉಳೀತಿತ್ತು. ಚೇಂಬರ್ ಒಂದನ್ನ ಬದ್ಲಿಸಿದ್ರೆ ಮುಗೀತಿತ್ತು. ಅದನ್ನ ಆ ಹೆಣ್ಣೇ ಹೇಳಿದ್ದು, ಕಾರನ್ನ ಲಿಫ್ಟ್ ಮೇಲೆ ಏರ್ಸಿ, ನನ್ನನ್ನ ಅದರ ಅಡಿಗೆ ಕರ್ದು ತೋರ್ಸಿ. "ಸುರುವಿಗೇ ಯಾರಾದ್ರೂ ಹೇಳಿದ್ರೆ ಇಷ್ಟು ಹಾಳಾತಿದ್ದಿಲ್ಲ ಅಣ್ಣ" ಅಂದ್ಲು. ಯಾರಾದ್ರೂ ಅಂದ್ಲು. ನನ್ನ ಮೋರೆ ಕಂಡು ಅಂದದ್ದಲ್ಲ, ಚೇಂಬರ್ ಕಂಡು ಅಂದದ್ದು. ಆದ್ರೂ...

ಹೋಗ್ಲಿ.

ಕಾರು ಹೆಮ್ಮಾಡಿ ಸೇತುವೆ ಹತ್ರ ನಿಂತ ದಿನ ನೀ ಅಳ್ತಾ ಫೋನ್ ಮಾಡಿದಿ. ಕೆಂಪು ದೀಪ ಹತ್ತಿತ್, ಕಾರು ಕುಟ್ಟಿ ಕುಟ್ಟಿ ನಿಂತಿತ್, ಹಿಂದೆ ಪೆಟ್ಟಿಗೆಯಲ್ಲಿ ಬಂಗುಡೆ ಹಾಳಾತ್ ಅಂತ. ನಾ ಎಂತ ಹೇಳ್ದೆ? "ಅಳಬೇಡ ಅಕ್ಕ, ಇದು ಶೋರೂಮಿನವ್ರದ್ದೇ ಕೆಲ್ಸ, ನಾ ಬಿಡುದಿಲ್ಲ ಅವ್ರನ್ನ" ಅಂದೆ. ಯೋಚನೆ ಮಾಡಿ ಹೇಳಿದ್ದಲ್ಲ. ನೀ ಅಳ್ತಾ ಇದ್ದಿ. ನೀ ಅಳುದು ನಂಗೆ ಕೇಳುಕೆ ಆತಿಲ್ಲ, ಅಪ್ಪ ಹೋದ ದಿನದಿಂದ. ಆ ಹೊತ್ತಿಗೆ ಯಾರ ಹೆಸರು ಬಾಯಿಗೆ ಬಂತೋ ಅದನ್ನ ಹೇಳ್ದೆ. ಪಕ್ಕದಲ್ಲಿ ನಮ್ಮ ಹುಡುಗ್ರಿದ್ರು, ಕೇಳಿದ್ರು. ಒಬ್ಬ ಫೋನಲ್ಲಿ ಬರ್ದು ಹಾಕ್ದ. ಮರುದಿನಕ್ಕೆ ಅದು ನನ್ನ ಕೈಯಲ್ಲಿ ಇದ್ದಿದ್ದಿಲ್ಲ. ಬೈಂದೂರಿಂದ ಫೋನು, ಬ್ರಹ್ಮಾವರದಿಂದ ಫೋನು. "ಗುಡ್ಡಣ್ಣ, ನಮ್ಮದೂ ಹೀಂಗೆ ಆಯ್ದು, ನೀವು ನಿಲ್ಲಿ, ನಾವು ಬತ್ತೋ." ಜನ ಬತ್ತೋ ಅಂದ್ಮೇಲೆ ನಾ ಎಂತ, ನಿಲ್ಲಿ ಸ್ವಾಮಿ, ಒಂದು ಮಾತು ಹೇಳುಕಿತ್ತು ಅಂಬುದಾ?

ಆ ಹೆಣ್ಣು ಹೇಳಿದ್ದಕ್ಕೆಲ್ಲ ನನ್ನ ಹತ್ರ ಉತ್ತರ ಇತ್. ಗೇರ್ ಬಾಕ್ಸಿನ ಸಂದಿಯಲ್ಲಿ ಹೊಯ್ಗೆ, ಕಡಲ ಮರಳು ಇತ್ ಅಂದ್ಲು. ಮರವಂತೆಯಲ್ಲಿ ಗಾಳಿ ಬಂದ್ರೆ ಹೆದ್ದಾರಿ ಮೇಲೇ ಹೊಯ್ಗೆ, ಕಡಲು ಒಂದು ಬದಿ, ಹೊಳೆ ಒಂದು ಬದಿ, ಹೊಯ್ಗೆ ಬಾರದೆ ಬಾಸುಮತಿ ಅಕ್ಕಿ ಬಪ್ಪುದಾ ಅಂತ ಕೇಳ್ದೆ. ಜನ ನಗಾಡಿದ್ರು. ಬಂಪರಿನ ಬದಿಯ ಸಣ್ಣ ಮುಚ್ಚಳ ಇಲ್ಲ ಅಂದ್ಲು, ಕಾರಿಗೆ ಹಗ್ಗ ಕಟ್ಟುವ ಕೊಂಡಿ ಹಾಕುವ ಜಾಗ ಅಂತೆ ಅದು. ಮುಚ್ಚಳ ಬಿದ್ದು ಹೋತಿಲ್ವಾ, ನಿಮ್ಮ ಕಂಪೆನಿಯ ಬಾಗಿಲೇ ಬಿದ್ದು ಹೋತ್ ಅಂದೆ. ಅದಕ್ಕೂ ನಗಾಡಿದ್ರು. ಅವಳು ನಗಾಡ್ಲಿಲ್ಲ. "ಆಟೋಮ್ಯಾಟಿಕ್ ಗೇರಿನ ಕಾರಲ್ಲಿ ಭಾರ ಎಳೀಬಾರ್ದು ಅಣ್ಣ, ಒಳಗೆ ಸುಟ್ಟು ಹೋತ್, ಇದು ಎಂತನ್ನೋ ಎಳೆದ ಕಾರು" ಅಂದ್ಲು. ನಾ ಅದನ್ನೂ ತಮಾಷೆ ಮಾಡ್ದೆ. ಮೈಕಲ್ಲಿ ತಮಾಷೆ ಮಾಡಿದ್ರೆ ಯಾವ ಮಾತೂ ನಿಲ್ಲುದಿಲ್ಲ ಅಕ್ಕ. ನಿಜ ಆದ್ರೂ ನಿಲ್ಲುದಿಲ್ಲ.

ನಿನ್ನೆ ತ್ರಾಸಿ ಪೇಟೆಯಲ್ಲಿ ಅವಳ ಅಮ್ಮನ ಕಂಡೆ. ತರಕಾರಿ ಅಂಗಡಿಯಲ್ಲಿ. ಬೈತಾರೆ ಅಂತ ಮಾಡಿದ್ದೆ. ಬೈದಿದ್ರೆ ನಾನೂ ಎರಡು ಮಾತು ಆಡಿ ಹಗುರಾತಿದ್ದೆ. ಸೆರಗು ಮೋರೆಗೆ ಎಳ್ಕೊಂಡು, ತಗಂಡ ಬಸಳೆ ಕಟ್ಟು ಅಲ್ಲೇ ಇಟ್ಟು ಹೋದ್ರು. ನಮ್ಮ ಹುಡುಗ್ರು ಆ ಹೆಣ್ಣಿನ ಮೋರೆ ಇರುವ ವಿಡಿಯೋ ಎಲ್ಲಾ ಕಡೆ ಕಳ್ಸಿದಾರೆ, ಕಳ್ಳಿ ಅಂತ ಬರ್ದು. ನಾ ಕಳ್ಳಿ ಅಂದಿದ್ದಿಲ್ಲ. ನಾ ಅಂದದ್ದು ಬೇಜವಾಬ್ದಾರಿ. ಜನ ಅದನ್ನ ಕಳ್ಳಿ ಮಾಡಿದ್ರು. ಬಸಳೆ ಕಟ್ಟು ಅಲ್ಲೇ ಇದ್ದಿತ್. ಅಂಗಡಿಯವ "ಗುಡ್ಡಣ್ಣ, ನೀವು ತಗಂಡ್ ಹೋತ್ರಾ?" ಅಂದ. ಅವ ಸುಮ್ನೆ ಕೇಳಿದ್ದು. ನಂಗೆ ಕೆನ್ನೆಗೆ ಹೊಡ್ದ ಹಾಂಗಾಯ್ತು.

ಮತ್ತೆ, ಆ ನಗಾಡಿದ ಮಾತಿತ್ತಲ್ಲ... ಮೀನಿನವಳ ಕಾರಿಗೆ ಉಪ್ಪು ಹಿಡೀದೆ ಇರ್ತದಾ ಅಂದದ್ದು. ಅದನ್ನ ಯಾರೂ ಅನ್ಲಿಲ್ಲ. ಅದನ್ನ ನಾನೇ ಸೇರ್ಸಿದ್ದು. ಭಾಷಣ ಅಂದ್ಮೇಲೆ ಸ್ವಲ್ಪ ಸೇರ್ಸುದು ಇರ್ತ್. ನೀ ಹಾಂಗೆ ಕಾಂಬೇಡ, ಎಲ್ಲರೂ ಸೇರ್ಸ್ತಾರೆ. ಆದ್ರೆ ಆ ಹೆಣ್ಣೂ ಮೀನಿನವರ ಮನೆಯದ್ದೇ ಅಂತ ನಂಗೆ ಆ ದಿನ ಗೊತ್ತಿದ್ದಿದ್ದಿಲ್ಲ.

ಎಂತಾರೂ ಹೇಳು ಮಾರಾಯ್ತಿ. ನಾನೊಬ್ಬನೇ ಮಾತಾಡುದು. ಧರಣಿಯಲ್ಲೂ ನಾನೊಬ್ಬನೇ, ಇಲ್ಲೂ ನಾನೊಬ್ಬನೇ.

ಸರಿ. ಹೇಳಬೇಡ. ನಾಳೆ ಒಂದು ದಿನ. ನೀ ಬೆಳಿಗ್ಗೆ ತಲೆಗೆ ಮಿಂದು ತಯಾರಾಗು, ನಾ ರಿಕ್ಷಾ ತತ್ತೆ. ನಿಂಗೆ ಹೆದ್ರಿಕೆ ಬೇಡ. ನೀ ಕಂಡದ್ದನ್ನ ಹೇಳುದು, ಕಾಣದ್ದನ್ನ ಹೇಳುದಲ್ಲ. ಕಾಣದೆ ಹೇಳಿದ್ದು ಬೊಬ್ಬರ್ಯನಿಗೂ ಲೆಕ್ಕಕ್ಕಿಲ್ಲ. ಅವನೂ ಕಡಲಿನವನೇ, ಅವನಿಗೆ ಗೊತ್ತಾತ್. ದೋಣಿ ಎಳೆವಾಗ ಕಲ್ಲು ತಾಗಿದ್ದಾ, ರಸ್ತೆಯ ಹೊಂಡದಲ್ಲಿ ತಾಗಿದ್ದಾ, ಅದನ್ನೆಲ್ಲ ನೀ ಹ್ಯಾಂಗೆ ಹೇಳುದು? ನೀ ಅಲ್ಲಿ ಇದ್ದಿದ್ಯಾ? ಇಲ್ಲ. ಹಾಂಗಾದ್ರೆ ನಿಂಗೆ ಗೊತ್ತಿಲ್ಲ. ಗೊತ್ತಿಲ್ಲದೆ ಇಲ್ಲ ಅಂದ್ರೆ ಅದು ಸುಳ್ಳಲ್ಲ. ಅಷ್ಟೇ. ನಾ ಕಾನೂನು ಓದಿದವ, ನಾ ಹೇಳ್ತೆ.

ಹೂ ಸಾಕಾ? ಅಬ್ಬಲಿಗೆ ಇನ್ನೂ ಬೇಕಾದ್ರೆ ಆಚೆ ಮನೆಯಿಂದ ತತ್ತೆ. ಅಮ್ಮ ಎಂತ ಹೇಳ್ತಿದ್ಲು, ಪ್ರಮಾಣಕ್ಕೆ ನಿಲ್ಲುವವರೇ ತಮ್ಮ ಹೂ ತಾವೇ ಕಟ್ಟಬೇಕು, ಬೇರೆಯವ್ರು ಕಟ್ಟಿದ ಹೂ ಹಿಡ್ದ್ರೆ ಮಾತೂ ಬೇರೆಯವ್ರದ್ದೇ ಆತ್ ಅಂತ. ಅದಕ್ಕೇ ನಿನ್ನನ್ನೇ ಕಟ್ಟುಕೆ ಹೇಳಿದ್ದು. ಇಲ್ದಿದ್ರೆ ಪೇಟೆಯಿಂದಲೇ ತತ್ತಿದ್ದೆ.

ಅಕ್ಕ.

ನೀ ಯಾವ ದೋಣಿ ಅಂತ ಕೇಳ್ಲಿಲ್ಲ.

ನಾ ಈಗ ಅಂದೆ, ದೋಣಿ ಎಳೆವಾಗ ಅಂತ. ಬಾಯಿ ತಪ್ಪಿ ಬಂತು. ಆ ಹೆಣ್ಣು ಎಂತನ್ನೋ ಎಳೆದ ಕಾರು ಅಂದಿದ್ಲು, ದೋಣಿ ಅನ್ಲಿಲ್ಲ. ದೋಣಿ ಅಂತ ಈ ಊರಲ್ಲಿ ಯಾರೂ ಅನ್ಲಿಲ್ಲ. ನೀ ತಲೆ ಎತ್ತುದು ಕಾದೆ ನಾನು. ಯಾವ ದೋಣಿ ಗುಡ್ಡ ಅಂತ ಕೇಳ್ತಿ, ಎಂತ ಸುಳ್ಳು ಹೇಳುದು ಅಂತ ಒಳಗೇ ಹುಡ್ಕ್ತಾ ಇದ್ದೆ. ನೀ ಕೇಳ್ಲೇ ಇಲ್ಲ. ದಾರ ಎಳ್ದು ಗಂಟು ಹಾಕಿದಿ.

ಗೊತ್ತಿದ್ದವರು ಮಾತ್ರ ಕೇಳುದಿಲ್ಲ.

ಯಾರು ಹೇಳಿದ್ರು? ದೋಣಿ ಹತ್ರ ಇದ್ದ ಅಪ್ಪಿಯಾ? ಆ ಹೊತ್ತಿಗೆ ನಾನೂ ಅಪ್ಪಿಯೂ ಬಿಟ್ರೆ ಅಲ್ಲಿ ಮೂರನೆಯವ ಇದ್ದಿದ್ದಿಲ್ಲ. ಅವ ಈಗ ಮಲ್ಪೆಯಲ್ಲಿ ಬೋಟಿಗೆ ಹೋತಾ ಇದ್ದ, ಅವನ ಫೋನು ಕಡಲಲ್ಲಿ ಸಿಕ್ಕುದೇ ಇಲ್ಲ. ಅಪ್ಪಿ ಅಲ್ಲ. ಹಾಂಗಾದ್ರೆ...

ತೊಳ್ದದ್ದು.

ಕಾರು ತೊಳ್ದದ್ದು ಕಂಡು ಗೊತ್ತಾಯ್ತಾ ನಿಂಗೆ?

ಅದಕ್ಕೇ ಆಗ ನಗಾಡಿದ್ದು. ನಾನು ನನ್ನ ಬೈಕನ್ನೇ ತೊಳ್ದವ ಅಲ್ಲ. ನಿನ್ನ ಕಾರು ಎಷ್ಟು ಸಲ ತಗಂಡ್ ಹೋಗಿದ್ದೆ, ಪ್ರತಿ ಸಲವೂ ಒಳಗೆ ಕಡ್ಲೆ ಸಿಪ್ಪೆ, ಹೊರಗೆ ಕೆಸ್ರು, ನೀ ಬೈಕೊಂಡು ತೊಳೀತಿದ್ದಿ. ಆ ಒಂದು ದಿನ, ಹೊಯ್ ಅಂತ ಮಳೆ ಹೊಯ್ಯುವಾಗ, ನಿನ್ನ ಬಾವಿಯಿಂದ ನೀರು ಸೇದಿ ಸೇದಿ ಅಡಿಗೆಲ್ಲ ಹಾಕ್ತಾ ಇದ್ದೆ. ಮಳೆಯಲ್ಲಿ ಕಾರು ತೊಳೆವವ ಲೋಕದಲ್ಲಿ ಯಾರಿದ್ದ? ನೀ ಕಿಟಕಿಯಲ್ಲಿ ನಿಂತಿದ್ದಿ. ನಾ ಕಂಡೆ. ನೀನೂ ಕಂಡಿ. "ಒದ್ದೆ ಆತಿ ಮಾರಾಯ, ಒಳಗೆ ಬಾ" ಅಂದಿ. ಮತ್ತೆಂತ ಕೇಳ್ಲಿಲ್ಲ.

ಅಪ್ಪನ ದೋಣಿ ಅಕ್ಕ. ಬೈಂದೂರಿಂದ ಬಪ್ಪುವಾಗ ಮರವಂತೆಯಲ್ಲಿ ಕಂಡೆ. ಕಡಲು ಕಲ್ಲಿನ ಗೋಡೆ ದಾಟಿ ಬತ್ತಾ ಇತ್ತು. ನಮ್ಮ ದೋಣಿಯ ಹಿಂದಿನ ಭಾಗ ನೀರಲ್ಲಿ ತೇಲ್ತಾ ಇದ್ದಿತ್. ಅಪ್ಪಿ ಒಬ್ಬನೇ ಹಗ್ಗ ಹಿಡ್ದು ನಿಂತಿದ್ದ, ಅವನ ಕಾಲಡಿಯ ಹೊಯ್ಗೆಯೇ ಹೋತಾ ಇತ್ತು. ಬೇರೆ ಯಾರನ್ನ ಕರೆವುದು? ಗಂಡಸ್ರೆಲ್ಲ ಆಚೆ ಕೇರಿಯಲ್ಲಿ ಮನೆ ಸಾಮಾನು ಸಾಗ್ಸ್ತಾ ಇದ್ರು. ದೋಣಿ ಎಳೆವ ಹಾಂಗೆ ಕಲ್ಲಿನ ನಡುವೆ ಬಿಟ್ಟ ಸಂದಿಯಲ್ಲಿ ಕಾರನ್ನ ಹಿಂದೆ ಇಳ್ಸಿದೆ. ಕೊಂಡಿ ಹಾಕ್ದೆ. ಹಗ್ಗ ಕಟ್ದೆ. ಒತ್ತಿದೆ. ಟೈರು ತಿರುಗ್ತ್, ಕಾರು ಏಳುದಿಲ್ಲ. ಅಲೆ ಬಂದು ಬಾಗಿಲ ವರೆಗೆ ಹೊಡೀತು. ಅಡಿಗೆ ದಡ್ ಅಂತ ತಾಗ್ತು. ನಂಗೆ ಕೇಳ್ತು. ಕಾಲಿನ ಅಡಿಗೇ ಕೇಳ್ತು. ಸುಟ್ಟ ವಾಸನೆ ಬಂತು. ಬಿಡ್ಲಿಲ್ಲ, ಮತ್ತೆ ಒತ್ತಿದೆ. ದೋಣಿ ಬಂತು. ಅಪ್ಪನ ದೋಣಿ ಬಂತು ಅಕ್ಕ, ಒಂದು ಹಲಗೆ ಬಿಡದೆ.

ಆ ದಿನ ನಿಂಗೆ ಹೇಳಿದ್ರೆ ನೀ ಬೈತಿದ್ಯಾ? ಇಲ್ಲ. "ಒಳ್ಳೇದಾಯ್ತು ಗುಡ್ಡ" ಅಂತಿದ್ದಿ. ಕಾರು ಹೋದ್ರೆ ಹೋಗ್ಲಿ ಅಂತಿದ್ದಿ. ಅದು ನಂಗೆ ಗೊತ್ತಿತ್. ಹೇಳುಕೆ ಹೊರಟೆ. ನೀ ಆಗಷ್ಟೇ ಸರ್ವಿಸ್ ಮಾಡ್ಸಿ ತಂದ ಕಾರು. ನಾಳೆ ಹೇಳ್ತೆ ಅಂತ ಮಾಡ್ದೆ. ಮರುದಿನ ನೀ ಕಪ್ಪು ನೀರು ಅಂದಿ, ನಾ ಎ.ಸಿ. ಅಂದೆ. ಅಲ್ಲಿಗೆ ಮುಗೀತು. ದೋಣಿ ಎಳ್ದದ್ದು ತಪ್ಪಲ್ಲ. ಎ.ಸಿ. ನೀರು ಅಂದದ್ದು ತಪ್ಪು. ಆಮೇಲೆ ಒಂದರ ಮೇಲೆ ಒಂದು, ಒಂದರ ಮೇಲೆ ಒಂದು, ಮೈಕ್ ವರೆಗೆ.

ಊರಿಗೆಲ್ಲ ಹೇಳ್ತೆ ನಾನು. ತಪ್ಪು ಮಾಡಿದ್ರೆ ಒಪ್ಪಿಕೊಳ್ಳಿ, ಕೆಳಗಿನವರ ಮೇಲೆ ಹಾಕಬೇಡಿ ಅಂತ. ಕಿರ್ಚಿ ಹೇಳ್ತೆ.

ಆದ್ರೆ ನೀನು... ನೀ ಮಳೆಗಾಲದಿಂದ ಗೊತ್ತಿದ್ದವಳು. ಗೊತ್ತಿದ್ದೂ ನಾ ಧರಣಿ ಮಾಡುವಾಗ ಸುಮ್ನಿದ್ದಿ. ಮಂಡಿ ನೋವು ಅಂದಿ. ನಾಳೆ ಹೂ ಹಿಡೀಬೇಕು ಅಂದ್ರೆ, ಬುಟ್ಟಿ ತಗಂಡು ಜಗಲಿಯಲ್ಲಿ ಕೂತಿ. ನಾ ನಂಬುದಿಲ್ಲ, ನಂಗೆ ಆ ಕಟ್ಟೆ ಬರೀ ಕಲ್ಲು. ನೀ ನಂಬ್ತಿ. ಬೋಟ್ ಇಳಿವ ದಿನ ಆ ಕಟ್ಟೆಗೆ ಕೈ ಮುಗೀದೆ ನೀರೂ ಕುಡೀದವಳು ನೀನು. ಆ ಕಟ್ಟೆ ಎದುರು ನಂಗೋಸ್ಕರ ಸುಳ್ಳು ಹೇಳುಕೆ ಹೊರಟದ್ದಾ? ತಮ್ಮನ ಮಾನ ಅಂದೇಳಿ?

ಹೂ ಕಾಂಬ. ಇತ್ಲಾಗೆ ತಾ. ಎಷ್ಟು ಕಟ್ಟಿದಿ ಕಾಂಬ.

ಇದೆಂತ? ನಾ ಬಪ್ಪುಕೆ ಮುಂಚೆ ಕೂತವಳು. ಇಷ್ಟು ಹೊತ್ತು ನಿನ್ನ ಕೈ ನಿಂತದ್ದನ್ನ ನಾ ಕಾಣ್ಲಿಲ್ಲ. ಒಂದು ಗೇಣೂ ಇಲ್ಲ. ದಾರ ಎಲ್ಲ ಗಂಟು ಬಿಚ್ಚಿ ಬಿಚ್ಚಿ ಎಳೆ ಎದ್ದು ಹೋಯ್ದು. ಕಟ್ಟುದು, ಬಿಚ್ಚುದು. ಕಟ್ಟುದು, ಬಿಚ್ಚುದು. ಅದನ್ನೇ ಮಾಡ್ತಾ ಇದ್ದಿ.

ನೀ ಹೂ ಕಟ್ಟುಕೆ ಕೂತದ್ದಲ್ಲ. ನಾ ಹೇಳುದನ್ನ ಕಾದು ಕೂತದ್ದು.

ಎದ್ದು ಹೋಪುದೆಂತಕ್ಕೆ? ಬುಟ್ಟಿ ನನ್ನ ಮಡಿಲಿಗೆ ಇಟ್ಟು ಹೋದ್ರೆ... ಅಕ್ಕ, ನಿಲ್ಲು. ದೀಪ ಹಚ್ಚುಕೆ ಹೋಪುದಾ? ಹಚ್ಚು. ಹಚ್ಚಿ ಬಾ. ನಾ ಇಲ್ಲೇ ಇದ್ದೆ.

ಶಾಮಿಯಾನದ ಜನ ಎಲ್ಲಾ ಬತ್ತಾರೆ ನಾಳೆ. ಮೇಷ್ಟ್ರೂ ಬತ್ತಾರೆ. ಅವ್ರ ನಿಜವೂ ನನ್ನ ಸುಳ್ಳಿನ ಸಂಗಡ ಮುಳುಗ್ತ್. ಆ ಹೆಣ್ಣು ಬತ್ತಾಳೆ, ಅವಳ ಅಮ್ಮ ಬತ್ತಾರೋ ಇಲ್ಲವೋ. ನಾ ಮೈಕಿಲ್ಲದೆ ಮಾತಾಡಿದವ ಅಲ್ಲ ಅಕ್ಕ. ಕಟ್ಟೆ ಎದುರು ಮೈಕ್ ಇರುದಿಲ್ಲ.

ಕೇಳ್ತಾ ಇತ್ತಾ ಒಳಗೆ?

ಈ ಹೂವಿನ ತೊಟ್ಟು ಎಷ್ಟು ಸಣ್ಣ ಮಾರಾಯ್ತಿ. ನಂಗೆ ಬಲೆಗೆ ಗಂಟು ಹಾಕುಕೆ ಬತ್ತ್, ಹೂವಿಗೆ ಬತ್ತಿಲ್ಲ. ಇಲ್ಲಿ ಬಾ. ಕಟ್ಟಿಕೊಡಬೇಡ, ನಾನೇ ಕಟ್ಟಬೇಕು.

ದಾರದ ತುದಿ ಮಾತ್ರ ಹಿಡ್ಕೋ.